ಕೊಬ್ಬನ್ನು ತೂಗಿದರೆ ಸಾಲದು, ಕಣಗಳನ್ನು ಎಣಿಸಬೇಕು

‘ಎಲ್‌ಡಿಎಲ್ ನೂರರೊಳಗಿದೆ, ಹೃದಯಕ್ಕೇನೂ ಭಯವಿಲ್ಲ.’ ಲಿಪಿಡ್ ಪ್ರೊಫೈಲ್ ರಿಪೋರ್ಟ್ ಕೈಗೆ ಬಂದಾಗ ಹೆಚ್ಚಿನವರ ಕಣ್ಣು ಹೋಗುವುದು ಈ ಒಂದು ಸಾಲಿಗೆ. ಅದು ಸರಿಯಿದ್ದರೆ ಹಾಳೆ ಮಡಚಿ ಬೀರುವಿನಲ್ಲಿಟ್ಟು ಮರೆತುಬಿಡುತ್ತಾರೆ. ಈ ನೆಮ್ಮದಿ ಎಷ್ಟೋ ಸಲ ಸುಳ್ಳು.

ಉದಾಹರಣೆಗೆ ಇಂಥದೊಂದು ರಿಪೋರ್ಟ್ ನೋಡಿ: ಒಟ್ಟು ಕೊಲೆಸ್ಟ್ರಾಲ್ 180, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 240, ಎಲ್‌ಡಿಎಲ್ 98. ಈ 98ನ್ನು ಅನೇಕ ಲ್ಯಾಬ್‌ಗಳಲ್ಲಿ ಅಳೆದಿರುವುದೇ ಇಲ್ಲ. ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು 1972ರಲ್ಲಿ ಕೊಟ್ಟ ಸೂತ್ರದಂತೆ ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿ, ಬಂದ 48ನ್ನೂ ಎಚ್‌ಡಿಎಲ್‌ನ 34ನ್ನೂ ಒಟ್ಟು ಮೊತ್ತದಲ್ಲಿ ಕಳೆದು ಬರೆದಿರುತ್ತಾರೆ. ಟ್ರೈಗ್ಲಿಸರೈಡ್ ಏರಿದಷ್ಟೂ ಈ ಲೆಕ್ಕ ತಪ್ಪುತ್ತದೆ, ಎಲ್‌ಡಿಎಲ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ನೇರವಾಗಿ ಅಳೆದರೂ ಸಿಗುವುದು ಎಲ್‌ಡಿಎಲ್ ಕಣಗಳೊಳಗಿನ ಕೊಲೆಸ್ಟ್ರಾಲಿನ ತೂಕ ಮಾತ್ರ. ಕಣಗಳೆಷ್ಟಿವೆ ಎಂಬುದನ್ನು ಅದು ಹೇಳುವುದಿಲ್ಲ. ರಕ್ತನಾಳಕ್ಕೆ ಮುಖ್ಯವಾದದ್ದು ಆ ಎಣಿಕೆಯೇ.

ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವ ಹಾಗೆ, ಕೊಬ್ಬು ರಕ್ತದಲ್ಲೂ ಬೆರೆಯುವುದಿಲ್ಲ. ಅದಕ್ಕೇ ದೇಹ ಕೊಬ್ಬನ್ನು ಸೂಕ್ಷ್ಮ ಕಣಗಳಲ್ಲಿ ತುಂಬಿ, ಹೊರಮೈಗೆ ಪ್ರೋಟೀನ್ ಜೋಡಿಸಿ ಸಾಗಿಸುತ್ತದೆ. ಈ ಪ್ರೋಟೀನುಗಳೇ ಅಪೊಲಿಪೊಪ್ರೋಟೀನುಗಳು. ಇವು ಬರೀ ಹೊದಿಕೆಯೆಂದು ತಿಳಿಯಬಾರದು. ಟ್ರೈಗ್ಲಿಸರೈಡನ್ನು ಒಡೆಯುವ ಕಿಣ್ವ ಚುರುಕಾಗಲು ಅಪೊ-ಸಿ2 ಬೇಕು. ಅಪೊ-ಸಿ3 ಅದೇ ಕಿಣ್ವಕ್ಕೆ ಅಡ್ಡಗಾಲು ಹಾಕುತ್ತದೆ. ಲಿವರ್ ಎಲ್‌ಡಿಎಲ್ ಕಣವನ್ನು ರಕ್ತದಿಂದ ಎಳೆದುಕೊಳ್ಳುವುದು ಅದರ ಮೇಲಿನ ಅಪೊ-ಬಿಯನ್ನು ಗುರುತು ಹಿಡಿದು. ಹಾಗೆ ಗುರುತು ಹಿಡಿಯುವ ಗ್ರಾಹಕವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ 1985ರಲ್ಲಿ ನೊಬೆಲ್ ಪಡೆದರು.

ಒಂದು ಎಲ್‌ಡಿಎಲ್ ಕಣಕ್ಕೆ ಒಂದೇ ಅಪೊ-ಬಿ. ಎಲ್‌ಡಿಎಲ್ ಆಗುವ ಮುಂಚಿನ ವಿಎಲ್‌ಡಿಎಲ್‌ನಲ್ಲೂ ಒಂದೇ. ಹಾಗಾಗಿ ಅಪೊ-ಬಿ ಅಳೆದರೆ ರಕ್ತನಾಳದ ಗೋಡೆಯೊಳಗೆ ನುಗ್ಗಿ ಸಿಕ್ಕಿಕೊಳ್ಳಬಲ್ಲ ಕಣಗಳನ್ನು ಎಣಿಸಿದ ಹಾಗೆಯೇ. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೊಟ್ಟೆಯ ಬೊಜ್ಜು ಬಂದವರಲ್ಲಿ, ಟ್ರೈಗ್ಲಿಸರೈಡ್ ಹೆಚ್ಚಿದವರಲ್ಲಿ ಕಣಗಳು ಚಿಕ್ಕವು, ಒಂದೊಂದರಲ್ಲೂ ಕೊಲೆಸ್ಟ್ರಾಲ್ ಕಡಿಮೆ, ಸಂಖ್ಯೆ ಮಾತ್ರ ಹೆಚ್ಚು. ಕೊಲೆಸ್ಟ್ರಾಲಿನ ತೂಕ ನಾರ್ಮಲ್ ಕಂಡರೂ ಅಪಾಯ ಹಾಗೇ ಉಳಿಯುತ್ತದೆ.

ನಮಗೆ ಇದು ದೂರದ ಮಾತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹೃದಯಾಘಾತದ ಕಾರಣಗಳ ಪಟ್ಟಿಯಲ್ಲಿ ಅಪೊ-ಬಿ ಮತ್ತು ಎಚ್‌ಡಿಎಲ್‌ನ ಮುಖ್ಯ ಪ್ರೋಟೀನಾದ ಅಪೊ-ಎ1ರ ಅನುಪಾತ ಧೂಮಪಾನದ ಜೊತೆಗೇ ಮುಂಚೂಣಿಯಲ್ಲಿತ್ತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೇ ಆಗುತ್ತಿತ್ತು, ಉಳಿದ ದೇಶಗಳವರಿಗೆ ಸುಮಾರು 59ಕ್ಕೆ. ಇಷ್ಟು ಗೊತ್ತಿದ್ದೂ ಮಾಮೂಲಿ ಹೆಲ್ತ್ ಚೆಕಪ್‌ಗಳಲ್ಲಿ ಅಪೊ-ಬಿಗೆ ಜಾಗವಿಲ್ಲದಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಅದನ್ನು ಮಾಡಿಸಲಾಗದವರು ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್‌ಡಿಎಲ್ ಕಳೆದು ನೋಡಲಿ, ಖರ್ಚಿಲ್ಲದ ಲೆಕ್ಕ. ಮೇಲಿನ ರಿಪೋರ್ಟಿನಲ್ಲಿ ಅದು 146, ಅಂದರೆ 130ರ ಸಾಮಾನ್ಯ ಮಿತಿಯನ್ನು ದಾಟಿದೆ. ಅದೇ ಹಾಳೆ, ಅದೇ ರಕ್ತ!

‘ಎಚ್‌ಡಿಎಲ್ ಒಳ್ಳೆಯ ಕೊಲೆಸ್ಟ್ರಾಲ್, ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು’ ಎಂಬ ಮಾತೂ ಅಷ್ಟೇ ಬೇರೂರಿದೆ. ಅದನ್ನು ಅಲುಗಾಡಿಸುವ ಕಥೆಯೊಂದಿದೆ. ಇಟಲಿಯ ಗಾರ್ಡಾ ಸರೋವರದ ದಂಡೆಯಲ್ಲಿ ಲಿಮೋನೆ ಎಂಬ ಪುಟ್ಟ ಊರಿದೆ. 1970ರ ದಶಕದಲ್ಲಿ ಆ ಊರಿನ ಮೂಲದವರೊಬ್ಬರನ್ನು ಪರೀಕ್ಷಿಸಿದ ಮಿಲಾನಿನ ವೈದ್ಯರು ಬೆರಗಾದರು. ಎಚ್‌ಡಿಎಲ್ ತೀರಾ ಕೆಳಗಿತ್ತು, ರಕ್ತನಾಳಗಳು ಮಾತ್ರ ಚೆನ್ನಾಗಿದ್ದವು. ಅವರ ಅಪೊ-ಎ1ರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಚೆಸಾರೆ ಸಿರ್ತೋರಿ ತಂಡ ಊರಿಗೆ ಊರನ್ನೇ ಪರೀಕ್ಷಿಸಿದಾಗ ಅದೇ ಬದಲಾವಣೆ ಸುಮಾರು 40 ಜನರಲ್ಲಿ ಸಿಕ್ಕಿತು. ವಿಜ್ಞಾನಿಗಳು ಅದನ್ನು ಅಪೊ-ಎ1 ಮಿಲಾನೊ ಎಂದು ಕರೆದರು.

ಎಚ್‌ಡಿಎಲ್ ತಗ್ಗಿದವರು ಅಲ್ಲಿ ಹೀಗಿದ್ದರೆ, ಅದನ್ನು ಏರಿಸಿದವರ ಗತಿ ಬೇರೆಯಾಯಿತು. ಟಾರ್ಸೆಟ್ರಪಿಬ್ ಎಂಬ ಔಷಧಿ ಎಚ್‌ಡಿಎಲ್ ಅನ್ನು ಶೇ 70ಕ್ಕೂ ಹೆಚ್ಚು ಮೇಲಕ್ಕೆ ಒಯ್ದಿತು. ಸುಮಾರು 15,000 ಜನರ ಮೇಲೆ ನಡೆದ ಅದರ ಪ್ರಯೋಗವನ್ನು 2006ರ ಡಿಸೆಂಬರಿನಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಔಷಧಿ ತೆಗೆದುಕೊಂಡವರಲ್ಲೇ ಸಾವು ಹೆಚ್ಚಿತ್ತು. ಆ ಔಷಧಿ ರಕ್ತದೊತ್ತಡವನ್ನೂ ಏರಿಸುತ್ತಿತ್ತು ನಿಜ. ಆದರೆ ಎಚ್‌ಡಿಎಲ್ ಏರಿಸಲು ಕೊಟ್ಟ ನಿಯಾಸಿನ್ ಕೂಡ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದವರ ಹೃದಯಾಘಾತ ತಗ್ಗಿಸಲಿಲ್ಲ. ಎಚ್‌ಡಿಎಲ್ ಕಡಿಮೆಯಿದ್ದರೆ ಅದು ಎಚ್ಚರಿಕೆಯ ಸೂಚನೆ, ಸರಿ. ಆ ಅಂಕಿಯನ್ನು ಬಲವಂತವಾಗಿ ಎತ್ತಿದ ಮಾತ್ರಕ್ಕೆ ರಕ್ಷಣೆ ಸಿಗದು.

ಇದೇ ಗುಂಪಿನ ಇನ್ನೊಂದು ಪ್ರೋಟೀನಾದ ಅಪೊ-ಇ ಸುತ್ತ ಇರುವ ಭಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದರ ಇ4 ರೂಪಕ್ಕೂ ಅಲ್ಝೈಮರ್ ಕಾಯಿಲೆಗೂ ನಂಟಿರುವುದು 1993ರಲ್ಲಿ ತಿಳಿಯಿತು. ಇ4 ಇದ್ದವರಿಗೆಲ್ಲ ಮರೆವಿನ ಕಾಯಿಲೆ ಬರುವುದಿಲ್ಲ, ಇಲ್ಲದವರಿಗೂ ಬರುತ್ತದೆ. ಸಂಭವ ಹೆಚ್ಚು, ಅದರಲ್ಲೂ ತಾಯಿ ತಂದೆ ಇಬ್ಬರಿಂದಲೂ ಬಂದಿದ್ದರೆ ಇನ್ನೂ ಹೆಚ್ಚು. ಅದು ತೀರ್ಪಲ್ಲ.

ಕೊನೆಯದು, ‘ತೆಳ್ಳಗಿದ್ದೇನೆ, ದಿನಾ ವಾಕಿಂಗ್ ಹೋಗುತ್ತೇನೆ, ಸಸ್ಯಾಹಾರಿ; ನನಗೇನಾಗುತ್ತೆ?’ ಎಂಬ ನಂಬಿಕೆ. ಇದಾವುದಕ್ಕೂ ಜಗ್ಗದ ಕಣವೊಂದಿದೆ. ನಾರ್ವೆಯ ಕೋರೆ ಬರ್ಗ್ 1963ರಲ್ಲಿ ಗುರುತಿಸಿದ ಲಿಪೊಪ್ರೋಟೀನ್-ಎ ಅನ್ನುವ ಕಣಕ್ಕೆ ಅಪೊ-ಬಿಯ ಜೊತೆ ಅಪೊ-ಎ ಎಂಬ ಇನ್ನೊಂದು ಪ್ರೋಟೀನ್ ಅಂಟಿಕೊಂಡಿರುತ್ತದೆ. ಹೆಸರು ಒಂದೇ ತರಹ ಕೇಳಿಸಿದರೂ ಇದು ಅಪೊ-ಎ1 ಅಲ್ಲ. ಜಗತ್ತಿನ ಸುಮಾರು ಐವರಲ್ಲಿ ಒಬ್ಬರಿಗೆ ಈ ಕಣ ಹೆಚ್ಚಿದೆ. ಪ್ರಮಾಣ ಬಹುಮಟ್ಟಿಗೆ ಹುಟ್ಟಿನಿಂದಲೇ ನಿರ್ಧಾರವಾಗಿರುತ್ತದೆ. ಪಥ್ಯ, ವ್ಯಾಯಾಮ, ಸ್ಟ್ಯಾಟಿನ್ ಯಾವುದಕ್ಕೂ ಅಷ್ಟಾಗಿ ಇಳಿಯುವುದಿಲ್ಲ. ಆದ್ದರಿಂದ ಜೀವನದಲ್ಲಿ ಒಮ್ಮೆ ಪರೀಕ್ಷಿಸಿದರೆ ಹೆಚ್ಚಿನವರಿಗೆ ಸಾಕು. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ ಖಂಡಿತ ಮಾಡಿಸಿ. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದ್ದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ತಿಳಿಸಿ. ಅದನ್ನು ಇಳಿಸಲಾಗದಿದ್ದರೂ ರಕ್ತದೊತ್ತಡ, ಸಕ್ಕರೆ, ಬೀಡಿ ಸಿಗರೇಟು, ಉಳಿದ ಅಪೊ-ಬಿ ಕಣಗಳು, ಇವನ್ನೆಲ್ಲ ಇನ್ನಷ್ಟು ಬಿಗಿಯಾಗಿ ಹಿಡಿಯಲು ವೈದ್ಯರಿಗೆ ದಾರಿಯಿದೆ.