ಪೋರ್ಷೆ 944: ಫ್ಯೂಯೆಲ್ ಫಿಲ್ಟರ್ ಬದಲಿಸೋದು ಹೀಗೆ
1982ರಿಂದ 1991ರವರೆಗೆ ತಯಾರಾದ ಪೋರ್ಷೆ 944. ಇದರ ಫ್ಯೂಯೆಲ್ ಫಿಲ್ಟರ್ ಬಾನೆಟ್ ಕೆಳಗಿಲ್ಲ. ಕಾರಿನ ಅಡಿಯಲ್ಲಿ, ಬಲಗಡೆ ಹಿಂದಿನ ಚಕ್ರದ ಹತ್ತಿರ, ಫ್ಯೂಯೆಲ್ ಪಂಪ್ ಪಕ್ಕದಲ್ಲೇ ಇದೆ.

ಸ್ಪ್ಯಾನರ್ ಹಿಡಿಯೋ ಮೊದಲು ಇದನ್ನ ಕೇಳಿ. ಎಂಜಿನ್ ಆಫ್ ಆದ್ರೂ ಪೈಪಿನೊಳಗೆ ಪೆಟ್ರೋಲ್ ಒತ್ತಡದಲ್ಲೇ ನಿಂತಿರುತ್ತೆ. ಪಂಪಿನ ಫ್ಯೂಸ್ ಕಿತ್ತು, ಸ್ಟಾರ್ಟ್ ಮಾಡಿ, ಎಂಜಿನ್ ತಾನಾಗೇ ನಿಲ್ಲೋವರೆಗೂ ಬಿಡಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಸೈಲೆನ್ಸರ್ ಪೂರ್ತಿ ತಣ್ಣಗಾಗಲಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಕೊಡಲೇಬೇಕು.

ಈಗ ನಿಜವಾದ ಕಷ್ಟ. ಫಿಲ್ಟರಿಗೆ ಪೈಪ್ ಜೋಡಿಸೋ ನಟ್ಟುಗಳು ಮೂವತ್ತು ವರ್ಷಕ್ಕೂ ಹೆಚ್ಚು ಮಳೆ, ಕೆಸರು ತಿಂದಿರುತ್ತವೆ. ಹಿಂದಿನ ಸಂಜೆಯೇ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡಿ. ಒಂದು ಸ್ಪ್ಯಾನರಲ್ಲಿ ಫಿಲ್ಟರನ್ನ ಅಲ್ಲಾಡದ ಹಾಗೆ ಹಿಡಿದು, ಇನ್ನೊಂದರಲ್ಲಿ ನಟ್ಟು ತಿರುಗಿಸಿ. ಒಂದೇ ಸ್ಪ್ಯಾನರ್ ಹಾಕಿದ್ರೆ ಲೋಹದ ಪೈಪೇ ತಿರುಚಿಕೊಂಡು ಸೀಳಿಹೋಗಬಹುದು. ಐದು ನಿಮಿಷದ ಅವಸರಕ್ಕೆ ಇಡೀ ಲೈನ್ ಬದಲಿಸೋ ಗತಿ. ಉಳಿದ ಪೆಟ್ರೋಲ್ ಸುರಿಯುತ್ತೆ, ಕೆಳಗೆ ಟ್ರೇ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಹತ್ತಿರ ಕಿಡಿ ಬೇಡವೇ ಬೇಡ.

ಹಳೇ ಫಿಲ್ಟರನ್ನ ಪೆಟ್ರೋಲ್ ಒಳಬರೋ ಕಡೆಯಿಂದ ಬಿಳಿ ಬಟ್ಟೆ ಮೇಲೆ ಬಗ್ಗಿಸಿ ನೋಡಿ. ತುಕ್ಕಿನ ಕಂದು ಪುಡಿ ಕಂಡರೆ ಟ್ಯಾಂಕನ್ನೂ ಮೆಕ್ಯಾನಿಕ್‌ಗೆ ತೋರಿಸಿ.

ಹೊಸ ಫಿಲ್ಟರಿನ ಬಾಣದ ಗುರುತು ಎಂಜಿನ್‌ಗೆ ಹೋಗೋ ಪೈಪಿನ ಕಡೆಗಿರಲಿ. ನಟ್ಟು ಬಿಗಿ ಮಾಡಿ, ಫ್ಯೂಸ್, ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿ, ಟಾರ್ಚ್ ಹಿಡಿದು ಎರಡೂ ಜಾಯಿಂಟ್ ನೋಡಿ. ಒಂದೇ ಒಂದು ಹನಿ ಕಂಡ್ರೂ ತಕ್ಷಣ ಆಫ್ ಮಾಡಿ.