ಸರ್ವರಿನ ನಾಡಿ ನೋಡುವ ‘ಟಾಪ್’

ರೋಣ, ನರಗುಂದ ಇಲ್ಲವೆ ಗಜೇಂದ್ರಗಡದಲ್ಲಿ ಪಹಣಿಗೆಂದು ಹೋದಾಗ ‘ಸರ್ವರ್ ಡೌನ್’ ಎಂಬ ಉತ್ತರವನ್ನು ನೀವೂ ಕೇಳಿರಬಹುದು. ಹಾಗೆಂದರೇನು? ಯಂತ್ರ ನಿಂತಿದೆಯೋ, ಸಂಪರ್ಕ ಕಡಿದಿದೆಯೋ, ಬರೇ ಹೊರೆ ಹೆಚ್ಚಾಗಿದೆಯೋ?

ಸಂಪರ್ಕವಿದ್ದು ಸರ್ವರ್ ಲಿನಕ್ಸ್ ಆಗಿದ್ದರೆ ‘ಟಾಪ್’ ಎಂಬ ಪುಟ್ಟ ಆದೇಶ ಸಾಕು. ಈ ಹೆಸರಿನ ಮೊದಲ ಸಾಧನವನ್ನು 1984ರಲ್ಲಿ ವಿಲಿಯಂ ಲೆಫೆಬ್ವರ್ ಬರೆದರು. ಇದರಲ್ಲಿ ಚಿತ್ರಗಳಿಲ್ಲ. ಸಾಲಿಗೆ 80 ಅಕ್ಷರದಂತೆ 24 ಸಾಲು, ಇಡೀ ಪರದೆ 1,920 ಅಕ್ಷರಗಳಲ್ಲಿ ಮುಗಿಯುತ್ತದೆ. ಹೀಗಾಗಿ ನಿಧಾನಗತಿಯ ಸಂಪರ್ಕದಲ್ಲೂ ದೂರದಿಂದಲೇ ನೋಡಬಹುದು. ನಾಡಿ ಹಿಡಿಯುವ ವೈದ್ಯನೇ ರೋಗಿಗೆ ಭಾರವಾಗಬಾರದಲ್ಲವೆ!

ಮೊದಲ ಸಾಲಿನ ಕೊನೆಯ ಮೂರು ಸಂಖ್ಯೆಗಳನ್ನು ಗಮನಿಸಿ. ಅವು ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ ಹೊರೆ. ಕೌಂಟರಿನ ಮುಂದಿರುವ ಸರದಿಯಂತೆ, ಕೆಲಸ ನಡೆಯುತ್ತಿರುವವರೂ ಕಾಯುವವರೂ ಸೇರಿದ ಲೆಕ್ಕವಿದು. ಹೊರೆ 4 ಎಂದಿದ್ದರೆ ನಾಲ್ಕು ಕೋರ್‌ಗಳ ಯಂತ್ರಕ್ಕೆ ಕೈತುಂಬ ಕೆಲಸ. ಒಂದೇ ಕೋರ್ ಇದ್ದರೆ ಮೂವರು ಸರದಿಯಲ್ಲಿ ನಿಂತಂತೆ.

ಇಲ್ಲೊಂದು ತೊಡಕಿದೆ. ಡಿಸ್ಕಿಗಾಗಿ ಕಾಯುವ ಪ್ರಕ್ರಿಯೆಗಳನ್ನೂ ಲಿನಕ್ಸ್ ಎಣಿಸುತ್ತದೆ. ಹೊರೆ ಹೆಚ್ಚಿದ್ದರೂ ಪ್ರೊಸೆಸರ್ ಬಿಡುವಾಗಿದ್ದರೆ ‘ಡಬ್ಲ್ಯುಎ’ ಎಂಬಲ್ಲಿನ ಅಂಕಿ ನೋಡಿ. ಅದು ಏರಿದ್ದರೆ ಡಿಸ್ಕ್ ನಿಧಾನವಾಗಿರಬೇಕು, ಇಲ್ಲವೆ ಮೆಮೊರಿ ಸಾಲದೆ ಡಿಸ್ಕನ್ನೇ ಬಳಸುತ್ತಿರಬೇಕು. ಆಗ ಹೊಸ ಪ್ರೊಸೆಸರ್ ಕೊಂಡರೆ ಹಣ ದಂಡ.

ಶಾಲೆಯ ಲಿನಕ್ಸ್ ಗಣಕದಲ್ಲಿ ದೊಡ್ಡ ಫೈಲೊಂದನ್ನು ಪ್ರತಿ ಮಾಡುತ್ತ ಈ ಅಂಕಿಗಳ ಏರಿಳಿತವನ್ನು ವಿದ್ಯಾರ್ಥಿಗಳಿಗೆ ತೋರಿಸಿ. ಹೊರಬರಲು ‘ಕ್ಯೂ’ ಒತ್ತಿರಿ.