ಕೂಲಿಯಲ್ಲ, ಕೊಡುಗೆ

ದುಡಿದವನಿಗೆ ಕೂಲಿ ಸಲ್ಲುವುದು ನ್ಯಾಯ. ಕೊಡುಗೆಗೆ ಆ ಲೆಕ್ಕ ಅನ್ವಯಿಸದು. ಜಪಮಾಲೆಯಲ್ಲಿ ನಾವು ದಿನವೂ ಉಚ್ಚರಿಸುವ 'ವರಪ್ರಸಾದ' ಎಂಬ ಪದದ ಅರ್ಥ ಇದೇ: ದೇವರು ತಮ್ಮ ಜೀವವನ್ನೇ ನಮಗೆ ಉಚಿತವಾಗಿ ಹಂಚುತ್ತಾರೆ. ಆದರೂ ಹರಕೆ, ನೊವೆನಾಗಳ ಎಣಿಕೆಯಿಂದ ದೇವರನ್ನು ಋಣಿಯಾಗಿಸಬಹುದೆಂಬ ಭ್ರಮೆ ನಮ್ಮನ್ನು ಸುಲಭವಾಗಿ ಬಿಡುವುದಿಲ್ಲ.

ಐದನೆಯ ಶತಮಾನದ ಆರಂಭದಲ್ಲಿ ಪೆಲಾಜಿಯನು, ಮನುಷ್ಯನು ಸ್ವಂತ ಇಚ್ಛಾಬಲದಿಂದಲೇ ಪಾಪವಿಲ್ಲದೆ ಬಾಳಬಲ್ಲನೆಂದು ಬೋಧಿಸಿದನು. ಸಂತ ಅಗಸ್ತೀನರು ಇದನ್ನು ಒಪ್ಪಲಿಲ್ಲ. ತಮ್ಮ ಇಚ್ಛೆಯ ದೌರ್ಬಲ್ಯವನ್ನು ಅವರು ಬಲ್ಲವರಾಗಿದ್ದರು. ತಾಯಿ ಮೋನಿಕಾ ವರ್ಷಗಟ್ಟಲೆ ಕಣ್ಣೀರಿಟ್ಟು ಪ್ರಾರ್ಥಿಸಿದ ಬಳಿಕ, 387ರ ಪಾಸ್ಕ ಜಾಗರಣೆಯಲ್ಲಿ ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರಿಂದ ಅವರು ದೀಕ್ಷಾಸ್ನಾನ ಪಡೆದಿದ್ದರು. ಆ ಕಣ್ಣೀರು ಮಗನ ಪರಿವರ್ತನೆಗೆ ತೆತ್ತ ಬೆಲೆಯೇ? ಅಲ್ಲ. ಹಾಗೆ ಪ್ರಾರ್ಥಿಸುವ ಹೃದಯವೇ ವರಪ್ರಸಾದದ ಫಲ.

418ರ ಕಾರ್ತೇಜ್ ಸಭೆ ಪೆಲಾಜಿಯನ ಬೋಧನೆಯನ್ನು ಖಂಡಿಸಿತು. ನಮ್ಮನ್ನು ನೀತಿವಂತರನ್ನಾಗಿಸುವ ವರಪ್ರಸಾದವನ್ನು ಅದಕ್ಕೆ ಮುಂಚಿನ ಯಾವ ವಿಶ್ವಾಸವೂ ಕ್ರಿಯೆಯೂ ಗಳಿಸಿಕೊಡಲಾರದೆಂದು 1547ರಲ್ಲಿ ಟ್ರೆಂಟ್ ಮಹಾಸಭೆ ಸಾರಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನರೂ ಸಹಿ ಹಾಕಿದ ಘೋಷಣೆಯ ತಿರುಳೂ ಇದೇ.

ಹಾಗಾದರೆ ನಮ್ಮ ಪ್ರಯತ್ನ ವ್ಯರ್ಥವೇ? ಸಂತ ಥಾಮಸ್ ಅಕ್ವಿನಾಸರ ಬೋಧನೆಯಂತೆ ವರಪ್ರಸಾದವು ಮಾನವ ಸ್ವಭಾವವನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ. ಕೊಡುವ ಕೈ ದೇವರದು, ಚಾಚುವ ಕೈ ನಮ್ಮದು; ಚಾಚುವ ಬಲವೂ ಅವರದೇ.

ಆದುದರಿಂದ, ವಿಶ್ವಾಸದಿಂದ ದೂರ ಸರಿದ ಮಗನನ್ನೋ ಮಗಳನ್ನೋ ನೆನೆದು ಮರುಗುವ ತಂದೆತಾಯಿಯರೇ, ಲೆಕ್ಕವಿಡದೆ ಪ್ರಾರ್ಥಿಸೋಣ. ಅರ್ಹತೆ ಅಳೆಯದೆ ಅವರಿಗೆ ಮನೆಯ ಬಾಗಿಲನ್ನು ತೆರೆದಿಡೋಣ. ತಂದೆಯ ಮನೆಯ ಬಾಗಿಲು ನಮಗೆ ತೆರೆದದ್ದೂ ಹಾಗೆಯೇ.